ಓದುಗರ ಸ್ಪಂದನ: ದೇವರ ವಿಷಯ ಕೌನ್ಸೆಲರ್ ಮುಂದೆ ಎತ್ತಬಹುದಾ?

‘ಅಪ್ಪ ತೀರಿಕೊಂಡ ಮೇಲೆ ಕೌನ್ಸೆಲಿಂಗ್‌ಗೆ ಹೋಗುತ್ತಿದ್ದೇನೆ. ದೇವರ ಮೇಲೆ ವಿಪರೀತ ಸಿಟ್ಟು, ಪ್ರಾರ್ಥನೆ ನಿಂತುಹೋಗಿದೆ. ಇದನ್ನು ಅಲ್ಲಿ ಹೇಳಲು ಸಂಕೋಚ. ಮನೆಯಲ್ಲಿ, ನಂಬಿಕೆ ಗಟ್ಟಿ ಇದ್ದಿದ್ದರೆ ಕೌನ್ಸೆಲಿಂಗ್ ಯಾಕೆ ಬೇಕಿತ್ತು ಅನ್ನುತ್ತಾರೆ’ ಎಂದು ಓದುಗರೊಬ್ಬರು ಬರೆದಿದ್ದರು. ಬಂದ ಉತ್ತರಗಳಲ್ಲಿ ಕೆಲವು:

ಖಂಡಿತ ಹೇಳಿ. ನಾನು ಏಳೆಂಟು ಸಲ ಹೋಗಿ ಬಂದರೂ ಹೇಳಿರಲಿಲ್ಲ. ನಿದ್ದೆ ಬರದಿದ್ದದ್ದು, ಆಫೀಸಿನ ಕಿರಿಕಿರಿ, ಅಣ್ಣನ ಜೊತೆ ಜಗಳ ಎಲ್ಲ ಹೇಳಿಕೊಂಡೆ. ಬೆಳಗಿನ ಪ್ರಾರ್ಥನೆಗೆ ಎರಡು ಗಂಟೆ ಹಿಡಿಯುತ್ತದೆ ಎನ್ನುವುದನ್ನು ಮಾತ್ರ ನುಂಗಿಕೊಂಡಿದ್ದೆ. ಒಂದು ಶಬ್ದ ತಪ್ಪಿದರೆ ಮತ್ತೆ ಮೊದಲಿಂದ. ಮನಸ್ಸು ಆಚೀಚೆ ಹೋದರೆ ಮತ್ತೆ ಮೊದಲಿಂದ. ಮನೆಯವರು ಇದನ್ನು ಭಕ್ತಿ ಅಂದುಕೊಂಡಿದ್ದರು, ನಾನೂ ಅಷ್ಟೇ. ಒಂದು ದಿನ ಬಾಯಿ ತಪ್ಪಿ ಹೇಳಿಬಿಟ್ಟೆ. ಕೌನ್ಸೆಲರ್ ಕೇಳಿದ್ದು ಒಂದೇ: “ಮುಗಿಸಿ ಎದ್ದಾಗ ಹಗುರ ಅನಿಸುತ್ತಾ, ಇಲ್ಲಾ ಸದ್ಯ ತಪ್ಪಿಸಿಕೊಂಡೆ ಅನಿಸುತ್ತಾ?” ನನಗೆ ಅಳು ಬಂತು. ಅದು ಓಸಿಡಿ, ಗೀಳು ಕಾಯಿಲೆ. ಭಕ್ತಿಯ ವೇಷ ಹಾಕಿಕೊಂಡು ಬಂದಿತ್ತು. ಚಿಕಿತ್ಸೆಯಲ್ಲಿ ಪ್ರಾರ್ಥನೆ ಬಿಡಿಸಲಿಲ್ಲ, ತಪ್ಪಿದರೂ ನಿಲ್ಲದೆ ಮುಂದೆ ಹೋಗುವುದನ್ನು ಕಲಿಸಿದರು. ಮೊದಲ ವಾರ ಕೈ ನಡುಗುತ್ತಿತ್ತು. ಈಗ ಹತ್ತೇ ನಿಮಿಷ, ತಪ್ಪುಗಳ ಸಮೇತ.
— ಒಬ್ಬ ಮಹಿಳಾ ಓದುಗರು

ನಾನು ಬಹಳ ವರ್ಷ ಕೌನ್ಸೆಲಿಂಗ್ ಕೆಲಸ ಮಾಡಿದವನು. ದೇವರ ಮೇಲಿನ ಸಿಟ್ಟು ನಮ್ಮ ಕೆಲಸದೊಳಗಿನ ವಿಷಯವೇ. ಅಮೆರಿಕದ ಮನೋವೈದ್ಯರ ಸಂಘ 1994ರಲ್ಲೇ, ಮಾನಸಿಕ ಕಾಯಿಲೆಗಳನ್ನು ಗುರುತಿಸಲು ಬಳಸುವ ತನ್ನ ಕೈಪಿಡಿಗೆ ‘ಧಾರ್ಮಿಕ ಅಥವಾ ಆಧ್ಯಾತ್ಮಿಕ ಸಮಸ್ಯೆ’ ಎಂಬುದನ್ನು ಸೇರಿಸಿತು. ಕಾಯಿಲೆ ಅಂತ ಅಲ್ಲ, ಗಮನ ಕೊಡಬೇಕಾದ ವಿಷಯ ಅಂತ. ಕೆನೆತ್ ಪಾರ್ಗಮೆಂಟ್ ಎಂಬ ಮನಶ್ಶಾಸ್ತ್ರಜ್ಞರು ಕಷ್ಟದಲ್ಲಿ ದೇವರು ಜೊತೆಗಿದ್ದಾನೆ ಎನ್ನುವ ಭಾವನೆಯನ್ನೂ, ಶಿಕ್ಷೆ ಕೊಟ್ಟ, ಕೈಬಿಟ್ಟ ಎನ್ನುವ ಭಾವನೆಯನ್ನೂ ಬೇರೆ ಬೇರೆಯಾಗಿ ನೋಡಿದರು. ಎರಡನೆಯದರ ಜೊತೆ ಖಿನ್ನತೆ ಜಾಸ್ತಿ ಕಾಣಿಸಿಕೊಳ್ಳುತ್ತದೆ. ಹಾಗಾಗಿ ನಿಮ್ಮ ಕೌನ್ಸೆಲರ್‌ಗೆ ಇದು ಗೊತ್ತಿರಬೇಕು. ಆದರೆ ಅಪ್ಪನನ್ನು ಯಾಕೆ ಕರೆದುಕೊಂಡ ಎಂಬ ಪ್ರಶ್ನೆಗೆ ಉತ್ತರ ನಮ್ಮ ಹತ್ತಿರ ಇರುವುದಿಲ್ಲ. ಅದನ್ನು ಕೇಳಿದವರಿಗೆ, ನೀವು ನಂಬುವ ಧರ್ಮಗುರುಗಳನ್ನೂ ಕಾಣಿ ಅನ್ನುತ್ತಿದ್ದೆ. ಕೆಲವರು ಎರಡೂ ಕಡೆ ಹೋಗುತ್ತಿದ್ದರು.
— ನಿವೃತ್ತ ಆಪ್ತಸಮಾಲೋಚಕ

ನನ್ನದು ಉಲ್ಟಾ ಕಥೆ. ನಾನು ನಾಸ್ತಿಕ. ವಿಚ್ಛೇದನದ ಹೊತ್ತಿನಲ್ಲಿ ಸಿಕ್ಕ ಕೌನ್ಸೆಲರ್ ಎರಡನೇ ಭೇಟಿಗೇ ಪ್ರವಚನ ಶುರು ಮಾಡಿದರು. ಕೇಳಿದ್ದೆನಾ ನಾನು? ಬೇರೆಯವರನ್ನು ಹುಡುಕಿಕೊಂಡೆ. ನಿಮ್ಮ ಮಾತಿಗೆ ಅವರು ನಕ್ಕರೂ ಅಷ್ಟೇ, ಉಪದೇಶಕ್ಕೆ ಇಳಿದರೂ ಅಷ್ಟೇ, ಎದ್ದು ಬನ್ನಿ. ಫೀಸು ಕೊಡುವವರು ನಾವು ಅಲ್ವಾ?
— ಇನ್ನೊಬ್ಬ ಓದುಗ

ಮನೆಯವರಿಗೆ ಸಮಜಾಯಿಷಿ ಕೊಡಲು ಹೋಗಬೇಡಿ. ನಾನು ಎರಡು ವರ್ಷ ಕೊಟ್ಟು ಸುಸ್ತಾದೆ. ಬಾಯಿ ಬಿಟ್ಟು ಹೇಳಲು ಆಗದಿದ್ದರೆ ಚೀಟಿಯಲ್ಲಿ ಬರೆದು ಕೊಡಿ. ನಾನು ಹಾಗೇ ಮಾಡಿದ್ದು. ‘ದೇವರ ಜೊತೆ ಮಾತು ಬಿಟ್ಟಿದ್ದೇನೆ’ ಅಂತ ಬರೆದಿದ್ದೆ, ಅಷ್ಟೇ. ಅವರು ಓದಿ ಮಡಿಚಿಟ್ಟು, “ಎಷ್ಟು ದಿನ ಆಯಿತು?” ಅಂದರು.
— ಮಗನನ್ನು ಕಳೆದುಕೊಂಡ ತಾಯಿ