ಹೊಸ ಬ್ರೇಕ್ ಪ್ಯಾಡ್ ಹಾಕಿದ ಮೇಲೆ ಕೀಂಯ್ ಸದ್ದು, ಏನು ಮಾಡಲಿ?

ಮೂಡಿಗೆರೆ ಕಾಫಿ:
ಎಲ್ಲರಿಗೂ ನಮಸ್ಕಾರ. ನನ್ನದು ಸಣ್ಣ ಪೆಟ್ರೋಲ್ ಕಾರು, ಮುಂದೆ ಡಿಸ್ಕ್, ಹಿಂದೆ ಡ್ರಮ್. 62 ಸಾವಿರ ಕಿ.ಮೀ. ಓಡಿದೆ. ಹೋದ ತಿಂಗಳು ಒಂದು ಗ್ಯಾರೇಜಿನಲ್ಲಿ ಮುಂದಿನ ಪ್ಯಾಡ್ ಬದಲಾಯಿಸಿದೆ. ಅರ್ಧ ಗಂಟೆಯಲ್ಲಿ ಮುಗಿಸಿ ಕೊಟ್ಟರು. ಮಾರನೇ ದಿನ ಅಮ್ಮನನ್ನು ಕರೆದುಕೊಂಡು ಉಜಿರೆಗೆ ಹೊರಟಿದ್ದೆ. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಯುವಾಗ ಸದ್ದು ಶುರುವಾಯ್ತು. ಮೆಲ್ಲಗೆ ಬ್ರೇಕ್ ಒತ್ತಿದರೆ ಕೀಂಯ್ ಅನ್ನುತ್ತದೆ. ಜೋರಾಗಿ ಒತ್ತಿದರೆ ನಿಲ್ಲುತ್ತದೆ. ಅಮ್ಮ ದಾರಿಯುದ್ದಕ್ಕೂ ಹ್ಯಾಂಡಲ್ ಹಿಡಿದೇ ಕೂತಿದ್ದರು. ಬೇರೆ ಪ್ಯಾಡ್ ತರಬೇಕಾ?

ಪುತ್ತೂರು ಪಾನಾ:
ಪ್ಯಾಡ್ ಈಗಲೇ ಎಸೆಯಬೇಡಿ ಮಾರಾಯ್ರೆ. 19 ವರ್ಷದಿಂದ ಇದೇ ಕೆಲಸ ನನ್ನದು. ಸದ್ದು ಅಂತ ಬಂದ ಗಾಡಿಗಳಲ್ಲಿ ಜಾಸ್ತಿ ಸಲ ತಪ್ಪು ಸಿಕ್ಕಿದ್ದು ಪ್ಯಾಡಿನಲ್ಲಿ ಅಲ್ಲ, ಪ್ಯಾಡ್ ಕೂರುವ ಜಾಗದಲ್ಲಿ.

ಪ್ಯಾಡ್ ತನ್ನ ಜಾಗದಲ್ಲಿ ಸಣ್ಣಗೆ ನಡುಗುತ್ತದೆ. ಆ ನಡುಕ ಚಕ್ರದ ಜೊತೆ ತಿರುಗುವ ಡಿಸ್ಕಿಗೆ ಹತ್ತಿ, ಡಿಸ್ಕ್ ಜಾಗಟೆಯ ಹಾಗೆ ಕೂಗುತ್ತದೆ. ಜಾಗಟೆಯನ್ನು ಅದುಮಿ ಹಿಡಿದರೆ ಸದ್ದು ಸಾಯುತ್ತದೆ ಅಲ್ವಾ? ಜೋರಾಗಿ ಒತ್ತಿದಾಗ ನಿಮ್ಮ ಕಾರಿನಲ್ಲಿ ಆಗುವುದೂ ಅದೇ.

ಗಾಡಿಯನ್ನು ಸ್ಟ್ಯಾಂಡ್ ಮೇಲೆ ಕೂರಿಸಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು ಮುಂದಿನ ಚಕ್ರ ಬಿಚ್ಚಿಸಿ. ಪ್ಯಾಡನ್ನು ಡಿಸ್ಕಿಗೆ ಅದುಮುವ ಕ್ಯಾಲಿಪರನ್ನು ಬ್ರೇಕ್ ಆಯಿಲ್ ಪೈಪಿನಲ್ಲಿ ನೇತಾಡಲು ಬಿಡಬಾರದು, ತಂತಿ ಹಾಕಿ ಕಟ್ಟಿ. ಪ್ಯಾಡಿನ ಕಿವಿ, ಅಂದರೆ ಎರಡು ತುದಿ, ಕೂರುವ ಬ್ರಾಕೆಟ್ ನೋಡಿ. ನಮ್ಮ ಮಳೆಗೆ ಅಲ್ಲಿ ತುಕ್ಕು ಗಂಟು ಕಟ್ಟಿರುತ್ತದೆ. ಸ್ಟೀಲ್ ಕ್ಲಿಪ್ ತೆಗೆದು ವೈರ್ ಬ್ರಶ್‌ನಿಂದ ಚೆನ್ನಾಗಿ ಉಜ್ಜಬೇಕು. ಸಡಿಲವಾದ ಕ್ಲಿಪ್ ಇದ್ದರೆ ಹೊಸದು ಹಾಕಿ. ಪ್ಯಾಡ್ ಬೆರಳಲ್ಲಿ ತಳ್ಳಿದರೆ ಜಾರಬೇಕು, ಆದರೆ ಲೊಡಲೊಡ ಅನ್ನಬಾರದು.

ಆಮೇಲೆ ಕ್ಯಾಲಿಪರ್ ಜಾರುವ ಎರಡು ಪಿನ್. ಹಳೇ ಗ್ರೀಸ್ ಒರೆಸಿ, ಬ್ರೇಕಿಗೆಂದೇ ಸಿಗುವ ಸಿಲಿಕಾನ್ ಗ್ರೀಸ್ ಹಚ್ಚಿ. ಮಾಮೂಲಿ ಗ್ರೀಸ್ ಬೇಡವೇ ಬೇಡ, ರಬ್ಬರ್ ಊದಿ ಪಿನ್ ಹಿಡಿದುಕೊಳ್ಳುತ್ತದೆ. ಪ್ಯಾಡಿನ ಬೆನ್ನಿಗೆ, ಅದನ್ನು ತಳ್ಳುವ ಪಿಸ್ಟನ್ ತಾಗುವ ಕಡೆ, ಮತ್ತೆ ಕಿವಿಗಳಿಗೆ, ತೆಳ್ಳಗೆ ಸವರಿದರೆ ಸಾಕು. ಬೆನ್ನಿನ ಶಿಮ್, ಅಂದರೆ ನಡುಕ ತಡೆಯುವ ತೆಳು ತಗಡು, ಇದೆಯಾ ಅಂತಲೂ ನೋಡಿ. ಅವಸರದಲ್ಲಿ ಅದನ್ನು ಬಿಟ್ಟುಬಿಡುವವರಿದ್ದಾರೆ. ಡಿಸ್ಕಿಗೆ ಉಜ್ಜುವ ಮುಖಕ್ಕೆ ಒಂದು ಹನಿಯೂ ತಾಗಬಾರದು. ಪ್ಯಾಡ್ ಗ್ರೀಸ್ ಕುಡಿದಿದ್ದರೆ ಮಾತ್ರ ಎಸೆದು ಹೊಸ ಸೆಟ್ ಹಾಕಿ.

ಡಿಸ್ಕ್ ಕನ್ನಡಿಯ ಹಾಗೆ ಹೊಳೆಯುತ್ತಿದ್ದರೆ 120 ನಂಬರ್ ಎಮರಿ ಪೇಪರಿನಿಂದ ಉಜ್ಜಿ, ಬ್ರೇಕ್ ಕ್ಲೀನರ್ ಹಾಕಿ ಒರೆಸಿ. ಎಷ್ಟು ತೆಳ್ಳಗಾಗುವವರೆಗೆ ಬಳಸಬಹುದು ಅನ್ನುವ ಅಳತೆ ಸಾಮಾನ್ಯವಾಗಿ ಡಿಸ್ಕಿನ ಮೇಲೇ ಇರುತ್ತದೆ.

ಕೊನೆಗೆ ಪ್ಯಾಡ್ ಪಳಗಿಸಬೇಕು, ಅಂದರೆ ಡಿಸ್ಕಿಗೆ ಹೊಂದಿಸಬೇಕು. ಖಾಲಿ ಸಮತಟ್ಟು ರಸ್ತೆಯಲ್ಲಿ 50ರಿಂದ 10ಕ್ಕೆ ಇಳಿಸಿ. ಹೀಗೆ ಎಂಟು ಹತ್ತು ಸಲ. ಪೂರ್ತಿ ನಿಲ್ಲಿಸಬೇಡಿ. ಮುಗಿದ ಮೇಲೆ ಸ್ವಲ್ಪ ದೂರ ಬ್ರೇಕ್ ಒತ್ತದೆ ಓಡಿಸಿ, ತಣ್ಣಗಾಗಲಿ. ನೀವು ಹಾಕಿಸಿದ ಮರುದಿನವೇ ಘಾಟಿ ಇಳಿದಿದ್ದೀರಿ. ಹೊಸ ಪ್ಯಾಡಿಗೆ ಅದು ಕಷ್ಟ.

ಉಡುಪಿ ಕಡಲು:
ಮಳೆ ಬಿದ್ದ ರಾತ್ರಿಯ ಮರುಬೆಳಿಗ್ಗೆ ಮೊದಲ ನಾಲ್ಕೈದು ಬ್ರೇಕಿಗೆ ಮಾತ್ರ ಸದ್ದು ಬಂದರೆ ಹೆದರಬೇಡಿ, ಡಿಸ್ಕಿನ ಮೇಲಿನ ತೆಳು ತುಕ್ಕು ಅದು. ಕೆಲವು ಪ್ಯಾಡಿಗೆ ಸವೆದಾಗ ಕೂಗಲೆಂದೇ ತಗಡಿನ ನಾಲಿಗೆ ಇರುತ್ತದೆ. ಬಗ್ಗಿಹೋದರೆ ಹೊಸದರಲ್ಲೇ ಡಿಸ್ಕಿಗೆ ತಾಗುತ್ತದೆ. ಅದನ್ನೂ ನೋಡಿಸಿ.

ಮೂಡಿಗೆರೆ ಕಾಫಿ:
ಭಾನುವಾರ ಪರಿಚಯದ ಮೆಕ್ಯಾನಿಕ್ ಜೊತೆ ಕೂತು ಬಿಚ್ಚಿಸಿದೆ. ಎಡಗಡೆ ಕೆಳಗಿನ ಪಿನ್ ಹಿಡಿದುಕೊಂಡಿತ್ತು. ಎರಡೂ ಕಡೆ ಶಿಮ್ ಇರಲಿಲ್ಲ. ಎರಡನ್ನೂ ಸರಿ ಮಾಡಿಸಿ, ಹ್ಯಾಂಡ್‌ಪೋಸ್ಟ್ ಕಡೆ ಓಡಿಸಿ ಪಳಗಿಸಿದೆವು. ನಿನ್ನೆ ಅಮ್ಮನ ಜೊತೆ ಮತ್ತೆ ಚಾರ್ಮಾಡಿ ಇಳಿದೆ, ಸದ್ದಿಲ್ಲ. ತುಂಬಾ ಥ್ಯಾಂಕ್ಸ್ ಅಣ್ಣ.

ಪುತ್ತೂರು ಪಾನಾ:
ಸಂತೋಷ. ಮುಂದೆ ಯಾರಾದರೂ ಇದನ್ನು ಓದಿ ತಾವೇ ಮಾಡುವುದಾದರೆ ಒಂದು ಮಾತು. ಪಿಸ್ಟನ್ ಹಿಂದೆ ತಳ್ಳಿದ ಮೇಲೆ ಮೊದಲ ಒತ್ತಿಗೆ ಪೆಡಲ್ ನೆಲಕ್ಕೆ ಹೋಗುತ್ತದೆ. ಗಾಡಿ ಕದಲಿಸುವ ಮೊದಲೇ ಪೆಡಲ್ ಗಟ್ಟಿಯಾಗುವವರೆಗೆ ಒತ್ತಿ ಒತ್ತಿ ಬಿಡಿ. ಬ್ರೇಕ್ ಆಯಿಲ್ ಮಟ್ಟವನ್ನೂ ನೋಡಿ.