ನ್ಯೂಜಿಲೆಂಡಿನ ದಕ್ಷಿಣ ದ್ವೀಪ: ಹತ್ತು ದಿನಗಳಲ್ಲಿ ಪಶ್ಚಿಮ ಕರಾವಳಿಯನ್ನೂ ಸೇರಿಸಬಹುದೇ?

ಪ್ರಶ್ನೆ:
ನಮಸ್ಕಾರ. ಅಕ್ಟೋಬರ್ ಕೊನೆಯ ವಾರ ನಾನೂ ನನ್ನ ಪತ್ನಿಯೂ ಕ್ರೈಸ್ಟ್‌ಚರ್ಚ್‌ನಲ್ಲಿ ಇಳಿದು, ಬಾಡಿಗೆ ಕಾರಿನಲ್ಲಿ ಹತ್ತು ದಿನ ಸುತ್ತಾಡಿ, ಕ್ವೀನ್ಸ್‌ಟೌನ್‌ನಿಂದ ಮರಳುವ ಯೋಚನೆಯಲ್ಲಿದ್ದೇವೆ. ಟೆಕಾಪೊ ಸರೋವರ, ಮೌಂಟ್ ಕುಕ್, ಫ್ರಾಂಜ್ ಜೋಸೆಫ್ ಹಿಮನದಿ, ವಾನಾಕಾದ ರಾಯ್ಸ್ ಪೀಕ್ ಮತ್ತು ಮಿಲ್‌ಫರ್ಡ್ ಸೌಂಡ್ ನಮ್ಮ ಪಟ್ಟಿಯಲ್ಲಿವೆ. ನಕ್ಷೆಯಲ್ಲಿ ಮೌಂಟ್ ಕುಕ್ ಮತ್ತು ಫ್ರಾಂಜ್ ಜೋಸೆಫ್ ಅಕ್ಕಪಕ್ಕದಲ್ಲೇ ಇರುವುದರಿಂದ ಎರಡನ್ನೂ ಒಂದೇ ದಿನ ಮುಗಿಸಬಹುದೇ? ಕುಮಾರಪರ್ವತ ಹತ್ತಿದ್ದೇವೆ, ಆದರೆ ಹಿಮದ ಮೇಲೆ ನಡೆದ ಅನುಭವವಿಲ್ಲ.

ಉತ್ತರ 1:
ಒಂದೇ ದಿನದಲ್ಲಿ ಸಾಧ್ಯವಿಲ್ಲ. ನೇರ ರೇಖೆಯಲ್ಲಿ ಆ ಎರಡು ಊರುಗಳ ನಡುವೆ ಇರುವುದು ಸುಮಾರು 40 ಕಿ.ಮೀ. ಮಾತ್ರ, ಆದರೆ ನಡುವೆ ಸದರ್ನ್ ಆಲ್ಪ್ಸ್ ಅಡ್ಡ ನಿಂತಿದೆ, ಮೌಂಟ್ ಕುಕ್ ಹಳ್ಳಿಯ ರಸ್ತೆ ಅಲ್ಲಿಗೇ ಮುಗಿಯುತ್ತದೆ. ಉತ್ತರದ ಆರ್ಥರ್ಸ್ ಪಾಸ್ ಬಿಟ್ಟರೆ ದಕ್ಷಿಣದ ಹಾಸ್ಟ್ ಪಾಸ್‌ವರೆಗೆ ಆ ಶ್ರೇಣಿಯನ್ನು ದಾಟುವ ರಸ್ತೆಯೇ ಇಲ್ಲವಾದ್ದರಿಂದ, ವಾನಾಕಾ ಮೂಲಕ ಬಳಸಿಕೊಂಡು ಹೋದರೆ ಸುಮಾರು 500 ಕಿ.ಮೀ. ಆಗುತ್ತದೆ.

ಇನ್ನು ರಾಯ್ಸ್ ಪೀಕ್. ಆ ದಾರಿ ಕುರಿ ಸಾಕಣೆಯ ಜಮೀನಿನಲ್ಲಿ ಹಾದುಹೋಗುವುದರಿಂದ, ಕುರಿಗಳು ಮರಿ ಹಾಕುವ ಕಾಲವೆಂದು ಅಕ್ಟೋಬರ್ 1ರಿಂದ ನವೆಂಬರ್ 10ರವರೆಗೆ ಅದನ್ನು ಮುಚ್ಚಿರುತ್ತಾರೆ. ಬದಲಿಗೆ ಅದೇ ಊರಿನ ಹತ್ತಿರದ ಡೈಮಂಡ್ ಲೇಕ್–ರಾಕಿ ಮೌಂಟನ್ ದಾರಿ ಹಿಡಿಯಿರಿ; ಕುಮಾರಪರ್ವತ ಹತ್ತಿದವರಿಗೆ ಅದು ಕಷ್ಟವೇನಲ್ಲ. ನನ್ನನ್ನು ಕೇಳಿದರೆ, ಪಶ್ಚಿಮ ಕರಾವಳಿಯನ್ನು ಕೈಬಿಟ್ಟು ಉಳಿದ ದಿನಗಳನ್ನು ಮಿಲ್‌ಫರ್ಡ್ ದಾರಿಯಲ್ಲಿರುವ ಟೆ ಅನೌ ಊರಿಗೆ ಕೊಡುವುದೇ ಲೇಸು.

ಉತ್ತರ 2:
ಮೇಲಿನವರ ಕೊನೆಯ ಸಲಹೆಯನ್ನು ನಾನು ಒಪ್ಪುವುದಿಲ್ಲ. ಕ್ರೈಸ್ಟ್‌ಚರ್ಚ್‌ನಿಂದ ಆರ್ಥರ್ಸ್ ಪಾಸ್ ದಾಟಿ ಹೊಕಿಟಿಕಾ, ಫ್ರಾಂಜ್ ಜೋಸೆಫ್, ಹಾಸ್ಟ್ ಪಾಸ್ ಮೂಲಕ ವಾನಾಕಾ ಸೇರಿದರೆ ಕರಾವಳಿಯೂ ದಕ್ಕುತ್ತದೆ. ಆಗ ಬಿಡಬೇಕಾದದ್ದು ಟೆಕಾಪೊ ಮತ್ತು ಮೌಂಟ್ ಕುಕ್. ಆ ದಾರಿಯಲ್ಲಿ ಒಂದೇ ವಾಹನ ಹೋಗುವಷ್ಟು ಅಗಲದ ಸೇತುವೆಗಳು ಬಹಳ. ಫಲಕದಲ್ಲಿ ನಿಮ್ಮ ದಿಕ್ಕಿನ ಬಾಣ ಚಿಕ್ಕದಾಗಿ, ಕೆಂಪಾಗಿದ್ದರೆ ಎದುರಿನವರಿಗೆ ದಾರಿ ಬಿಡಬೇಕು.

ಮಿಲ್‌ಫರ್ಡ್ ರಸ್ತೆಯಲ್ಲಿ ಆ ತಿಂಗಳಲ್ಲೂ ಹಿಮಕುಸಿತದ ಭಯವಿರುವುದರಿಂದ, ಹೊರಡುವ ದಿನ ಬೆಳಿಗ್ಗೆಯೇ ರಸ್ತೆ ತೆರೆದಿದೆಯೇ, ಚಕ್ರಕ್ಕೆ ಸರಪಳಿ ಬೇಕೇ ಎಂದು ವಿಚಾರಿಸಿಕೊಂಡು, ಟೆ ಅನೌನಲ್ಲೇ ಟ್ಯಾಂಕ್ ತುಂಬಿಸಿಕೊಳ್ಳಿ. ಹೋಮರ್ ಸುರಂಗದ ಬಳಿ ಕಾಯುವಾಗ ಕೀಯಾ ಎಂಬ ಗಿಳಿಗಳು ಕಾರಿನ ಮೇಲಿಳಿದು ಗಾಜಿನ ಅಂಚಿನ ರಬ್ಬರನ್ನು ಕೊಕ್ಕಿನಿಂದ ಕಿತ್ತೆಳೆಯುವುದುಂಟು. ಎಷ್ಟೇ ಮುದ್ದಾಗಿ ಕಂಡರೂ ತಿಂಡಿ ಹಾಕಬೇಡಿ. ಅದೇ ರಸ್ತೆಯ ದಿ ಡಿವೈಡ್ ಎಂಬಲ್ಲಿಂದ ಕೀ ಸಮಿಟ್ ಎಂಬ ಬೆಟ್ಟಕ್ಕೆ ನಡೆದು ಹೋಗಿಬರಲು ಸುಮಾರು ಮೂರು ಗಂಟೆ ಸಾಕು, ಆದರೆ ಮೇಲೆ ಹಿಮ ಕಂಡರೆ ಹಿಂದಿರುಗಿ. ಮಳೆಕೋಟು ಮರೆಯಬೇಡಿ; ಮಿಲ್‌ಫರ್ಡ್‌ನ ಮಳೆ ನಮ್ಮ ಆಗುಂಬೆಯ ಮಳೆಗೆ ಹತ್ತಿರ ಹತ್ತಿರ ಬರುತ್ತದೆ.

ಉತ್ತರ 3:
ವಿಮಾನ ನಿಲ್ದಾಣದ ವಿಷಯವನ್ನು ಯಾರೂ ಹೇಳಲಿಲ್ಲ. ಚಾರಣದ ಬೂಟಿನ ಅಡಿಯಲ್ಲಿ ಮಣ್ಣಿರಬಾರದು. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಸಂದುಗಳನ್ನೆಲ್ಲ ಉಜ್ಜಿ ತೊಳೆದು, ಒಣಗಿಸಿಯೇ ತನ್ನಿ. ಬೂಟನ್ನೂ, ಚಟ್ನಿಪುಡಿ, ಉಪ್ಪಿನಕಾಯಿಗಳನ್ನೂ ಪ್ರವೇಶ ಪತ್ರದಲ್ಲಿ ತಪ್ಪದೆ ನಮೂದಿಸಿ. ನಮೂದಿಸಿದ ವಸ್ತುವನ್ನು ಅಲ್ಲಿನ ಅಧಿಕಾರಿಗಳು ಹೆಚ್ಚೆಂದರೆ ತೆಗೆದುಕೊಂಡಾರು, ಮುಚ್ಚಿಟ್ಟು ಸಿಕ್ಕಿಬಿದ್ದರೆ 400 ಡಾಲರ್ ದಂಡ.