ಪದಚರ್ಚೆ: 'ವಾರ್ ಗ್ರೇವ್ಸ್' ನೋಡಿಕೊಳ್ಳುವ ಕೆಲಸಕ್ಕೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಎರಡು ಮಹಾಯುದ್ಧಗಳ ನಡುವಿನ ವರ್ಷಗಳಲ್ಲಿ, ಪರದೇಶದಲ್ಲಿ ಸತ್ತ ಸೈನಿಕರ ಗೋರಿ ಮತ್ತು ಸ್ಮಾರಕಗಳನ್ನು ಹೇಗೆ ನೋಡಿಕೊಂಡರು ಅಂತ ಒಂದು ಲೇಖನ ಬರೆಯುತ್ತಿದ್ದೇನೆ. ಕೆಲವು ಪದಗಳಿಗೆ ನಿಮ್ಮ ಸಹಾಯ ಬೇಕು.

ಮೊದಲು 'ವಾರ್ ಗ್ರೇವ್'. 'ಯುದ್ಧ ಸಮಾಧಿ' ಅಂತ ಬರೆದರೆ ಯುದ್ಧವನ್ನೇ ಹೂತ ಹಾಗೆ ಕೇಳಿಸುತ್ತದೆ. ಸಮಾಧಿ ಅಂದ ಕೂಡಲೇ ಯೋಗಿಗಳು, ಮಠದ ಸ್ವಾಮಿಗಳು ನೆನಪಾಗುತ್ತಾರೆ. 'ಸೈನಿಕರ ಗೋರಿ' ಅಂದರೆ ಸಾಕು ಅಂತ ನನಗನ್ನಿಸುತ್ತದೆ. ಗೋರಿ ಅನ್ನೋದು ಮುಸ್ಲಿಮರಿಗೆ ಮಾತ್ರ ಅನ್ನುವವರಿದ್ದಾರೆ. ಆದರೆ 'ತನ್ನ ಗೋರಿ ತಾನೇ ತೋಡಿಕೊಂಡ' ಅಂತ ಯಾರ ಬಗ್ಗೆ ಬೇಕಾದರೂ ಹೇಳುತ್ತೇವೆ, ಅಲ್ವಾ?

ಗೋರಿ ಅಂದಮೇಲೆ ಒಳಗೆ ದೇಹ ಇರಬೇಕು. ತೊಡಕು ಶುರುವಾಗುವುದೇ ಇಲ್ಲಿ. 1917ರಲ್ಲಿ ಫೇಬಿಯನ್ ವೇರ್ ಅವರ ಪ್ರಯತ್ನದಿಂದ, ಬ್ರಿಟಿಷ್ ಸಾಮ್ರಾಜ್ಯದ ಸೈನಿಕರ ಗೋರಿಗಳನ್ನು ನೋಡಿಕೊಳ್ಳುವ ಸಂಸ್ಥೆಯಾಗಿ ಇಂಪೀರಿಯಲ್ ವಾರ್ ಗ್ರೇವ್ಸ್ ಕಮಿಷನ್ ಹುಟ್ಟಿತು. ದೇಹವನ್ನು ಊರಿಗೆ ತರುವ ಹಾಗಿಲ್ಲ, ಅಧಿಕಾರಿಗೂ ಸಿಪಾಯಿಗೂ ಒಂದೇ ಅಳತೆಯ ಕಲ್ಲು ಅಂತ ಅದು ತೀರ್ಮಾನಿಸಿತು. ಎತ್ತರ 2 ಅಡಿ 8 ಅಂಗುಲ, ಅಗಲ 1 ಅಡಿ 3 ಅಂಗುಲ. ದೇಹ ಸಿಕ್ಕಿ ಗುರುತು ಸಿಗದಿದ್ದರೆ, ಇಂಗ್ಲಿಷ್ ಲೇಖಕ ಕಿಪ್ಲಿಂಗ್ ಸೂಚಿಸಿದ ಸಾಲು ಕೆತ್ತುತ್ತಿದ್ದರು: ಇವನು ಯಾರೆಂದು ದೇವರಿಗೆ ಗೊತ್ತು ಅನ್ನುವ ಅರ್ಥದ್ದು. ಕಿಪ್ಲಿಂಗ್ ಅವರ ಮಗ ಜಾನ್ ಕೂಡ 1915ರಲ್ಲಿ ಫ್ರಾನ್ಸಿನ ಲೂಸ್ ಕಾಳಗದಲ್ಲಿ ಕಾಣೆಯಾದವನೇ.

ದೇಹವೇ ಸಿಗದವರ ಹೆಸರುಗಳು ದೊಡ್ಡ ಗೋಡೆಗಳ ಮೇಲೆ ಬಂದವು. ಬೆಲ್ಜಿಯಂನ ಈಪರ್ ಊರಿನ ಮೆನಿನ್ ಗೇಟ್ 1927ರದು. ಫ್ರಾನ್ಸಿನ ತಿಯೆಪ್ವಾಲ್ 1932ರದು, ಅಲ್ಲಿ 72,000ಕ್ಕೂ ಜಾಸ್ತಿ ಹೆಸರುಗಳಿವೆ. ಭಾರತದ ಸೈನಿಕರಿಗಾಗಿ ಫ್ರಾನ್ಸಿನ ನವ್ ಶಪೆಲ್‌ನಲ್ಲಿ ಹರ್ಬರ್ಟ್ ಬೇಕರ್ ಕಟ್ಟಿದ ದುಂಡನೆಯ ಆವರಣ 1927ರ ಅಕ್ಟೋಬರ್‌ನಲ್ಲಿ ತೆರೆಯಿತು. ತಾವರೆ ಹೊತ್ತ ಎತ್ತರದ ಕಂಬ, ಗೋಡೆಯಲ್ಲಿ ಜಾಲಂದ್ರದ ಕೆತ್ತನೆ, 4,700ರಷ್ಟು ಹೆಸರುಗಳು. ದೇವರೊಬ್ಬನೇ, ಗೆಲುವು ಅವನದೇ ಅನ್ನುವ ಮಾತು ಇಂಗ್ಲಿಷ್, ಅರಬ್ಬಿ, ಹಿಂದಿ, ಗುರುಮುಖಿಗಳಲ್ಲಿದೆ.

ಇದನ್ನೆಲ್ಲ ಸುಮ್ನೆ 'ಸ್ಮಾರಕ' ಅಂದರೆ ಪುತ್ಥಳಿ, ಸಭಾಭವನ ಎಲ್ಲವೂ ಅದರೊಳಗೆ ಬರುತ್ತವೆ. 'ವೀರಗಲ್ಲು' ಅನ್ನಬಹುದಾ? ಅದರ ಕೆಳಗೆ ದೇಹ ಇರಲೇಬೇಕು ಅಂತಿಲ್ಲ, ಆ ಮಟ್ಟಿಗೆ ಸರಿ. ಆದರೆ ವೀರಗಲ್ಲು ಕತೆ ಹೇಳುತ್ತದೆ. ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೂತ ವೀರ. ಕಮಿಷನ್ ಕಲ್ಲು, ಜ್ವರ ಬಂದು ಆಸ್ಪತ್ರೆಯಲ್ಲಿ ಸತ್ತವನಿಗೂ ಅದೇ. ಎಲ್ಲರನ್ನೂ ವೀರಗಲ್ಲಿಗೆ ಏರಿಸಿದರೆ ಆ ಸಮಾನತೆಯ ಆಸೆಯೇ ಮರೆಯಾಗುತ್ತದೆ.

ನನಗೆ ಹೊಳೆದದ್ದು 'ಹೆಸರುಗೋಡೆ'. ನವ್ ಶಪೆಲ್‌ಗೆ ಅದು ಚೆನ್ನಾಗಿ ಒಪ್ಪುತ್ತದೆ. ಆದರೆ ಇರಾಕಿನಲ್ಲಿರುವ 1929ರ ಬಸ್ರಾ ಸ್ಮಾರಕದ ವಿಷಯಕ್ಕೆ ಬಂದಾಗ ನನ್ನ ಕೈ ನಿಂತುಹೋಯಿತು. ಅಲ್ಲಿ ಬ್ರಿಟಿಷರ ಮತ್ತು ಭಾರತೀಯ ಅಧಿಕಾರಿಗಳ ಹೆಸರು ಕೆತ್ತಿದರು. ನಮ್ಮ ಸಾಮಾನ್ಯ ಸಿಪಾಯಿಗಳನ್ನು ಪಲ್ಟನ್ನಿನ ಹೆಸರಿನ ಕೆಳಗೆ ಬರೀ ಸಂಖ್ಯೆಯಾಗಿ ತೋರಿಸಿದರು. ಇಂಥ ತಾರತಮ್ಯಕ್ಕೆ ಕಮಿಷನ್ ಕ್ಷಮೆ ಕೇಳಿದ್ದು 2021ರಲ್ಲಿ. ಹೆಸರೇ ಇಲ್ಲದ ಕಡೆ 'ಹೆಸರುಗೋಡೆ' ಅಂತ ಬರೆದರೆ ಓದುಗರಿಗೆ ಸುಳ್ಳು ಹೇಳಿದ ಹಾಗಾಗುತ್ತದೆ. ಅಲ್ಲಿ 'ಸ್ಮಾರಕ' ಅಂತಲೇ ಬಿಡುತ್ತೇನೆ.

ಇಂಗ್ಲೆಂಡಿನ ಬ್ರೈಟನ್ ಹತ್ತಿರದ 'ಛತ್ರಿ' ಇನ್ನೊಂದು. ಅಲ್ಲಿನ ಆಸ್ಪತ್ರೆಗಳಲ್ಲಿ ತೀರಿಕೊಂಡ 53 ಹಿಂದೂ ಮತ್ತು ಸಿಖ್ ಸೈನಿಕರನ್ನು ಗುಡ್ಡದ ಮೇಲೆ ಸುಟ್ಟರು. ಆ ಜಾಗದಲ್ಲಿ ಅಮೃತಶಿಲೆಯ ಗುಮ್ಮಟ ಎಬ್ಬಿಸಿದರು, 1921ರಲ್ಲಿ ತೆರೆದರು. ಚಿತೆ ಉರಿದ ಕಟ್ಟೆಗಳ ಮೇಲೆ ಈಗ ಮೂರು ಗ್ರಾನೈಟ್ ಹಾಸುಗಲ್ಲುಗಳಿವೆ. ಕನ್ನಡದಲ್ಲಿ ಛತ್ರಿ ಅಂದರೆ ಕೊಡೆ, ಇಲ್ಲವೇ ಕಿಲಾಡಿ ಮನುಷ್ಯ. ಸತ್ತವರ ಜಾಗಕ್ಕೆ ಆ ಪದ ಹಾಗೇ ಇಡಲು ಮನಸ್ಸು ಬರುತ್ತಿಲ್ಲ. ಒಮ್ಮೆ ಮೂಲ ಹೆಸರು ಹೇಳಿ, ಆಮೇಲೆ 'ಮಂಟಪ' ಅನ್ನೋಣ ಅಂತಿದ್ದೇನೆ. ಸರಿಯಾ?

ಇನ್ನು ನೋಡಿಕೊಳ್ಳುವ ಕೆಲಸ. 'ನಿರ್ವಹಣೆ' ಯಂತ್ರಕ್ಕೆ, ಲೆಕ್ಕಪತ್ರಕ್ಕೆ ಸರಿ. ಇಲ್ಲಿ ಮಾಡಿದ್ದು ಬಹುಪಾಲು ತೋಟದ ಕೆಲಸ. ಮಾಲಿಗಳಲ್ಲಿ ತುಂಬಾ ಜನ ಅದೇ ಯುದ್ಧದಲ್ಲಿ ಕಾದಿದ ಬ್ರಿಟಿಷ್ ಸೈನಿಕರು. ಎಷ್ಟೋ ಜನ ಫ್ರಾನ್ಸ್, ಬೆಲ್ಜಿಯಂನ ಹುಡುಗಿಯರನ್ನೇ ಮದುವೆಯಾಗಿ ನೆಲೆಸಿದರು. ಈಪರ್‌ನಲ್ಲಿ ಅವರ ಮಕ್ಕಳಿಗಾಗಿ 1929ರಲ್ಲಿ ಒಂದು ಶಾಲೆಯೂ ಶುರುವಾಯಿತು. ಕಲ್ಲಿನ ಬುಡದಲ್ಲಿ ಗಿಡ್ಡ ಗಿಡಗಳನ್ನೇ ನೆಡುತ್ತಿದ್ದರು. ಮಳೆ ಹೊಡೆದಾಗ ಮಣ್ಣು ಸಿಡಿದು ಅಕ್ಷರದ ಮೇಲೆ ಕೂರಬಾರದು, ಗಿಡ ಬೆಳೆದು ಹೆಸರು ಮುಚ್ಚಲೂಬಾರದು. ಇಷ್ಟು ಅಕ್ಕರೆಯ ಕೆಲಸಕ್ಕೆ 'ಆರೈಕೆ' ಅನ್ನದೆ ಇನ್ನೇನು ಅನ್ನೋದು? ಜರ್ಮನರು 1919ರಲ್ಲಿ ಕಟ್ಟಿಕೊಂಡ ಸಂಘದ ಹೆಸರಲ್ಲಿ 'ಫ್ಯೂರ್‌ಸೋರ್ಗೆ' ಅನ್ನುವ ಪದವಿದೆ. ಬಡವರನ್ನು, ಕೈಲಾಗದವರನ್ನು ನೋಡಿಕೊಳ್ಳುವುದಕ್ಕೂ ಅವರಲ್ಲಿ ಅದೇ ಪದ. ಹಾಗಾಗಿ ಆರೈಕೆ ಬದುಕಿರುವವರಿಗೆ ಮಾತ್ರ, ಗೋರಿಗೆ ಒಗ್ಗುವುದಿಲ್ಲ ಅನ್ನುವ ಆಕ್ಷೇಪ ನನಗೆ ಒಪ್ಪಿಗೆಯಿಲ್ಲ.

ಕೊನೆಯದು. ಈ ಜಾಗಗಳು ಎಂದೆಂದಿಗೂ ಸತ್ತವರಿಗೇ ಸೇರಿದ್ದು ಅಂತ ಫ್ರಾನ್ಸ್ 1915ರ ಡಿಸೆಂಬರ್‌ನಲ್ಲಿ ಕಾನೂನು ಮಾಡಿತು. ಇದಕ್ಕೆ 'ಶಾಶ್ವತ' ಅನ್ನುವ ಬದಲು ನಮ್ಮ ಶಾಸನಗಳ 'ಆಚಂದ್ರಾರ್ಕ' ಬಳಸಲಾ? ಸೂರ್ಯಚಂದ್ರರಿರುವ ತನಕ ದತ್ತಿ ನಡೆಯಲಿ ಅನ್ನುವ ಮಾತು ಅದು. ನೆಲ ಬಿಟ್ಟುಕೊಟ್ಟ ಸಂದರ್ಭಕ್ಕೆ ಸರಿಯಾಗಿ ಕೂರುತ್ತದೆ.

ಶಾಸನ ಓದಿದವರಿಗೆ ಒಂದು ವಿಶೇಷ ಪ್ರಶ್ನೆ. ಸತ್ತ ವೀರನ ಮನೆಯವರಿಗೆ ಕೊಟ್ಟ ಭೂಮಿಗೆ ನೆತ್ತರುಗೊಡಗೆ, ಬಾಳ್ಗಚ್ಚು ಅನ್ನುವ ಪದಗಳಿವೆ. ಆದರೆ ನಿಲ್ಲಿಸಿದ ಕಲ್ಲನ್ನು ದಿನಾ ನೋಡಿಕೊಳ್ಳುವ ಹೊಣೆಗೆ? ಕ್ರಿ.ಶ. 949-50ರ ಆತಕೂರು ಶಾಸನ ನಿಮಗೆ ಗೊತ್ತೇ ಇದೆ, ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಅನ್ನುವ ನಾಯಿಯದು. ಆ ಕಲ್ಲನ್ನು ಪೂಜಿಸದೆ ಗೊರವ (ಶಿವನ ಪೂಜಾರಿ) ಉಂಡರೆ ನಾಯಿ ಮಾಡಿದ ಪಾಪವೆಲ್ಲ ಅವನಿಗೆ ಅಂತ ಅದರಲ್ಲಿದೆ. ಅಂದರೆ ಹೊಣೆ ಇತ್ತು, ಹೊತ್ತವನೂ ಇದ್ದ. ಆ ಹೊಣೆಗೆ ಅಥವಾ ಆ ಮನುಷ್ಯನಿಗೆ ಬೇರೆ ಯಾವುದಾದರೂ ಶಾಸನದಲ್ಲಿ, ಇಲ್ಲವೇ ನಿಮ್ಮ ಕಡೆಯ ಮಾತಿನಲ್ಲಿ ಒಂದು ಹೆಸರು ಕಂಡಿದ್ದೀರಾ? ಸಿಕ್ಕರೆ ಆ ಮಾಲಿಗಳನ್ನು ಅದೇ ಹೆಸರಿನಿಂದ ಕರೆಯಬೇಕು ಅಂತ ನನಗೆ ಆಸೆ.